ಕೆಲಸ ಬದಲಾದ ವರ್ಷದ 401ಕೆ ಲೆಕ್ಕ

ಹಳೆ ಕಂಪನಿಯ 401ಕೆಗೆ (ಅಮೆರಿಕದಲ್ಲಿ ಕಂಪನಿ ಮೂಲಕ ಸಂಬಳದಿಂದ ಕಡಿದು ಕೂಡಿಡೋ ನಿವೃತ್ತಿ ಖಾತೆ) 2025ರಲ್ಲಿ ಆಗಲೇ 15,000 ಡಾಲರ್ ಹಾಕಿದ್ದೀನಿ, ಆಗಸ್ಟ್‌ನಿಂದ ಹೊಸ ಕೆಲಸ, ಇಲ್ಲಿ ಮತ್ತೆ ಪೂರ್ತಿ 23,500 ಹಾಕಬಹುದಾ ಅಂತ ಕೇಳಿದ್ದೀರಿ. ಆಗಲ್ಲ ಸರ್. 23,500 ಅನ್ನೋದು 2025ರ ಮಿತಿ, ಅದು ಕಂಪನಿಗಲ್ಲ, ನಿಮಗೆ. ರಾತ್ (ಈಗಲೇ ತೆರಿಗೆ ಕಟ್ಟಿ ಹಾಕೋದು) ಇರಲಿ, ಮಾಮೂಲಿ (ತೆರಿಗೆ ಆಮೇಲೆ ಕಟ್ಟೋದು) ಇರಲಿ, ಎಲ್ಲ ಸೇರಿ ಒಂದೇ. ಉಳಿದಿರೋದು 8,500, ವಯಸ್ಸು 50 ತುಂಬಿದ್ದರೆ ಇನ್ನೊಂದು 7,500. ನಿಮ್ಮ ದುಡ್ಡಿನ ಜೊತೆಗೆ ಕಂಪನಿ ತನ್ನ ಕಡೆಯಿಂದ ಹಾಕೋ ಪಾಲು, ಅಂದ್ರೆ ಮ್ಯಾಚ್, ಇದರಲ್ಲಿ ಸೇರಲ್ಲ.

ಎಡವೋದು ಎಲ್ಲಿ ಅಂದ್ರೆ, ಹಳೆ ಕಡೆ ಎಷ್ಟು ಕಡಿತ ಆಗಿದೆ ಅಂತ ಹೊಸ ಪೇರೋಲ್‌ನವರಿಗೆ ಗೊತ್ತೇ ಇರಲ್ಲ. ಸಂಬಳದಲ್ಲಿ ಇಷ್ಟು ಕಡಿಯಿರಿ ಅಂತ ನೀವು ಹಾಕಿದ ಪರ್ಸೆಂಟ್ ಪ್ರಕಾರ ಕಡಿತಾ ಹೋಗ್ತಾರೆ. ಹಾಗಾಗಿ ಹಳೆ ಕಡೆಯ ಕೊನೇ ಪೇಸ್ಲಿಪ್‌ನಲ್ಲಿ ವರ್ಷದ ಒಟ್ಟು ನೋಡಿ, ಪರ್ಸೆಂಟ್ ನೀವೇ ಇಳಿಸಿ. ಮ್ಯಾಚ್ ಸಿಗುವಷ್ಟನ್ನಂತೂ ಬಿಡಬೇಡಿ, ಪುಕ್ಕಟೆ ದುಡ್ಡು ಅದು.

ಅಕಸ್ಮಾತ್ ಮೀರಿದರೆ ಮುಂದಿನ ಏಪ್ರಿಲ್ 15ರೊಳಗೆ ಯಾವುದಾದರೂ ಒಂದು ಪ್ಲಾನ್‌ನವರಿಗೆ ಹೇಳಿ ಹೆಚ್ಚಾದದ್ದನ್ನು ಗಳಿಕೆ ಸಮೇತ ವಾಪಸ್ ತೆಗೆಸಿ. ಬಿಟ್ಟರೆ ಅದೇ ದುಡ್ಡಿಗೆ ಎರಡು ಸಲ ತೆರಿಗೆ.

ನಿಮ್ಮ ಮನೆಯವರ ಲೆಕ್ಕ ಪೂರ್ತಿ ಬೇರೆ. ಸ್ಟೇಟ್ ಯೂನಿವರ್ಸಿಟಿ ಕೆಲಸ ಅಂದ್ರಲ್ಲ, ಅಲ್ಲಿ 403ಬಿ ಜೊತೆ 457ಬಿ ಕೂಡ ಇದ್ದರೆ (ಎರಡೂ 401ಕೆ ತರಹದ ನಿವೃತ್ತಿ ಖಾತೆಗಳೇ, ಆದರೆ ಮಿತಿ ಬೇರೆ ಬೇರೆ) 2025ಕ್ಕೆ ಎರಡಕ್ಕೂ 23,500ರಂತೆ ಹಾಕಬಹುದು.