ಓದುಗರ ಪ್ರಶ್ನೆ: ಹೊರೆ ಹೊತ್ತಾಗ ವಾಚು ಹೆಜ್ಜೆ ಎಣಿಸುವುದಿಲ್ಲವೇಕೆ?

ಫೋನು ಮತ್ತು ಸ್ಮಾರ್ಟ್‌ವಾಚಿನ ಸೆನ್ಸರ್‌ಗಳ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು.

ಪ್ರಶ್ನೆ: ಮಗ ಕೊಡಿಸಿದ ವಾಚು ಕಟ್ಟಿಕೊಂಡು ಎರಡು ತಿಂಗಳಾಯಿತು. ಗದ್ದೆಯಿಂದ ಹುಲ್ಲಿನ ಹೊರೆ ಹೊತ್ತು ತಂದ ದಿನ ಹೆಜ್ಜೆ ಕಡಿಮೆ ತೋರಿಸುತ್ತದೆ. ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುವಾಗ ಏರುತ್ತದೆ. ಕೆಟ್ಟಿದೆಯೇ? (ಸಕಲೇಶಪುರ ತಾಲ್ಲೂಕಿನ ಓದುಗರು)

ಉತ್ತರ: ಕೆಟ್ಟಿಲ್ಲ ಅಮ್ಮ, ಅದಕ್ಕೆ ನಿಮ್ಮ ಕಾಲು ಕಾಣಿಸುವುದೇ ಇಲ್ಲ. ವಾಚಿನೊಳಗಿನ ಆಕ್ಸಿಲರೋಮೀಟರ್‌ಗೆ ಗೊತ್ತಾಗುವುದು ಮಣಿಕಟ್ಟಿನ ಅಲುಗಾಟ ಮಾತ್ರ. ಸಾಧಾರಣ ನಡಿಗೆಯಲ್ಲಿ ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಬೀಳುತ್ತವೆ, ಕೈಯೂ ಅದೇ ಲಯದಲ್ಲಿ ಬೀಸುತ್ತದೆ. ಆ ಲಯ ಸಿಕ್ಕಿದರೆ ವಾಚು ‘ಹೆಜ್ಜೆ’ ಎಂದು ಬರೆದುಕೊಳ್ಳುತ್ತದೆ. ತಲೆಯ ಮೇಲಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದಾಗ ಮಣಿಕಟ್ಟು ಬೀಸುವುದಿಲ್ಲ, ಲೆಕ್ಕ ತಪ್ಪುತ್ತದೆ. ಹಾಲು ಕರೆಯುವ ಕೈಗೆ ನಡಿಗೆಯದೇ ಲಯ, ಲೆಕ್ಕ ಏರುತ್ತದೆ.

ಇನ್ನೊಂದು ಒಳಗುಟ್ಟಿದೆ. ಸುಳ್ಳು ಲೆಕ್ಕ ತಪ್ಪಿಸಲು ಹೆಚ್ಚಿನ ವಾಚುಗಳು ಸತತವಾಗಿ ಎಂಟು–ಹತ್ತು ಹೆಜ್ಜೆ ಬೀಳುವವರೆಗೆ ಕಾದು, ಆಮೇಲೆ ಅಷ್ಟನ್ನೂ ಒಟ್ಟಿಗೆ ಸೇರಿಸುತ್ತವೆ. ಒಲೆಯಿಂದ ಸಿಂಕಿಗೆ ನಾಲ್ಕು ಹೆಜ್ಜೆ, ಅಲ್ಲಿಂದ ಫ್ರಿಜ್ಜಿಗೆ ಮೂರು ಹೆಜ್ಜೆ: ಅಡುಗೆಮನೆಯ ಈ ಓಡಾಟದ ಬಹುಪಾಲು ಲೆಕ್ಕಕ್ಕೇ ಬರುವುದಿಲ್ಲ.

ಪರೀಕ್ಷೆ ಸುಲಭ. ಅಂಗಳದಲ್ಲಿ ನಿಂತು ವಾಚಿನ ಅಂಕಿ ಬರೆದುಕೊಳ್ಳಿ, ಬಾಯಲ್ಲಿ ಎಣಿಸುತ್ತಾ 100 ಹೆಜ್ಜೆ ನಡೆಯಿರಿ, ಅರ್ಧ ನಿಮಿಷ ನಿಂತು ಮತ್ತೆ ಅಂಕಿ ನೋಡಿ. ಕೈಬೀಸಿ ನಡೆದು ಮೂರು ಸಲ, ಹೊರೆ ಹೊತ್ತು ಮೂರು ಸಲ. ಹೊರೆ ಹೊರುವ ದಿನ ಫೋನನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರೆ ಅದರ ಲೆಕ್ಕ ವಾಚಿಗಿಂತ ನಂಬಿಕಸ್ಥ. ಸಡಿಲ ಚೀಲದಲ್ಲಿದ್ದರೆ ಅದೂ ದಂಡ. ಅಂದಹಾಗೆ ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯನ್ನು ವೈದ್ಯರು ಗೊತ್ತುಮಾಡಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನ ಅರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು. ಅದು ತಲುಪಲಿಲ್ಲವೆಂದು ರಾತ್ರಿ ಜಗಲಿಯಲ್ಲಿ ಸುತ್ತುಹಾಕಬೇಕಿಲ್ಲ.

ಪ್ರಶ್ನೆ: ಕಾಲೇಜು ಪ್ರಾಜೆಕ್ಟಿಗೆ ಹಾಸನ–ಬೇಲೂರು ರಸ್ತೆಯ ಗುಂಡಿಗಳನ್ನು ಬೈಕು ಮತ್ತು ಫೋನಿನ ಆಕ್ಸಿಲರೋಮೀಟರ್‌ನಿಂದ ಗುರುತಿಸಬೇಕು. ಮೂರು ತೊಂದರೆ: ಸ್ಕ್ರೀನ್ ಆರಿದ ಮೇಲೆ ರೆಕಾರ್ಡಿಂಗ್ ನಿಲ್ಲುತ್ತದೆ, ಸೆಕೆಂಡಿಗೆ 100 ಅಳತೆಯಂತೆ ಹೋಗಿಬಂದ ಫೈಲು ಎಕ್ಸೆಲ್‌ನಲ್ಲಿ 2 ಗಂಟೆ 54 ನಿಮಿಷಕ್ಕೆ ಮುಗಿಯುತ್ತದೆ, ಬೆಳಿಗ್ಗೆ 9ಕ್ಕೆ ಹೊರಟರೆ ಜಿಪಿಎಸ್ ಫೈಲಿನಲ್ಲಿ 3.30 ಎಂದಿರುತ್ತದೆ. (ಪದವಿ ವಿದ್ಯಾರ್ಥಿನಿ, ಹಾಸನ)

ಉತ್ತರ: ಕೊನೆಯದರಿಂದ ಶುರು ಮಾಡೋಣ. ಜಿಪಿಎಸ್ ಫೈಲುಗಳು ಸಾಮಾನ್ಯವಾಗಿ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ ಬರೆಯುತ್ತವೆ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸಮಯ 13 ಅಂಕಿಯ ಉದ್ದ ಸಂಖ್ಯೆಯಾಗಿ ಬಂದಿದ್ದರೆ ಅದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡು. ಅದನ್ನು 8,64,00,000ದಿಂದ ಭಾಗಿಸಿ, 25,569 ಕೂಡಿಸಿ, ಮೇಲೆ 5.5/24 ಕೂಡಿಸಿ, ಆ ಕಾಲಮ್ಮಿಗೆ ದಿನಾಂಕದ ರೂಪ ಕೊಟ್ಟರೆ ನಮ್ಮ ಗಡಿಯಾರದ ಹೊತ್ತು ಬರುತ್ತದೆ.

ಫೈಲು ತುಂಡಾಗಿದ್ದಕ್ಕೆ ಎಕ್ಸೆಲ್ ಕಾರಣ. ಒಂದು ಹಾಳೆಯಲ್ಲಿ 10,48,576 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಸೆಕೆಂಡಿಗೆ 100 ಸಾಲೆಂದರೆ ಸರಿಯಾಗಿ ನೀವು ಹೇಳಿದ ಹೊತ್ತಿಗೆ ತುಂಬುತ್ತದೆ. ಮೂಲ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ ಪಠ್ಯ) ಫೈಲಿನಲ್ಲಿ ಉಳಿದದ್ದು ಇನ್ನೂ ಇದೆ. ಆದರೆ ಎಕ್ಸೆಲ್‌ನಲ್ಲಿ ತೆರೆದದ್ದನ್ನು ಅದೇ ಹೆಸರಿಗೆ ‘ಸೇವ್’ ಕೊಟ್ಟರೆ ಉಳಿದದ್ದು ನಿಜವಾಗಿಯೂ ಹೋಗುತ್ತದೆ. ಮೊದಲು ಒಂದು ನಕಲು ತೆಗೆದಿಡಿ.

ರೆಕಾರ್ಡಿಂಗ್ ನಿಲ್ಲುವುದು ಆಂಡ್ರಾಯ್ಡ್ ಬ್ಯಾಟರಿ ಉಳಿಸಲು ಹಿನ್ನೆಲೆಯ ಆಪ್‌ಗಳನ್ನು ಮುಚ್ಚುವುದರಿಂದ. ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ಬ್ಯಾಟರಿ ಬಳಕೆಯನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ಲೊಕೇಶನ್ ಅನುಮತಿ ಕೊಡಿ. ‘ಆಟೋಸ್ಟಾರ್ಟ್’ ಇರುವ ಫೋನಾದರೆ ಅದನ್ನೂ ಆನ್ ಮಾಡಿ. ಮೊದಲ ದಿನವೇ ಬೇಲೂರಿಗೆ ಹೊರಡಬೇಡಿ. ಫೋನನ್ನು ಮೇಜಿನ ಮೇಲೆ ಸ್ಕ್ರೀನ್ ಆರಿಸಿ 30 ನಿಮಿಷ ಬಿಟ್ಟು, ಫೈಲಿನಲ್ಲಿ ಅರ್ಧ ಸೆಕೆಂಡಿಗಿಂತ ದೊಡ್ಡ ಬಿಡುವು ಇದೆಯೇ ನೋಡಿ.

ಈಗ ಅಸಲಿ ವಿಷಯ. ಆಪ್ ಬೇಕಿದ್ದರೆ ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದ ಫೈಫಾಕ್ಸ್ ಸಾಕು. ಉಚಿತ, ಸಿಎಸ್‌ವಿ ಕೊಡುತ್ತದೆ. ಸೆಕೆಂಡಿಗೆ 100 ಅಳತೆ ಬೈಕಿಗೆ ಸಾಲದು. ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ ಅದರ ನಡುಕ ಸುಮಾರು 67 ಹರ್ಟ್ಸ್, ಅಂದರೆ ಸೆಕೆಂಡಿಗೆ 67 ಸಲ. ನೂರರ ವೇಗದಲ್ಲಿ ಅಳೆದಾಗ ಇದು 33 ಹರ್ಟ್ಸ್‌ನ ಹುಸಿ ನಡುಕವಾಗಿ ಕಾಣಿಸಿ, ರಸ್ತೆಯದೋ ಎಂಜಿನ್ನಿನದೋ ಎಂದು ಬೇರ್ಪಡಿಸಲಾಗುವುದಿಲ್ಲ. ಫೋನು ಕೊಡುವುದಾದರೆ 200ಕ್ಕೆ ಇಡಿ. ಆಗ ಎಕ್ಸೆಲ್ ಹಾಳೆ 1 ಗಂಟೆ 27 ನಿಮಿಷಕ್ಕೇ ತುಂಬುತ್ತದೆ, ಹಾಗಾಗಿ 20 ನಿಮಿಷಕ್ಕೊಂದು ಫೈಲು ಮಾಡಿ.

ಫೋನು ಜೇಬಿನಲ್ಲಿದ್ದರೆ ಅಳೆದದ್ದು ನಿಮ್ಮ ಮೈಯನ್ನು, ರಸ್ತೆಯನ್ನಲ್ಲ. ಹ್ಯಾಂಡಲಿನ ಹೋಲ್ಡರ್ ತಾನೇ ಕುಣಿಯುತ್ತದೆ. ಸಾಲದ್ದಕ್ಕೆ ಬೈಕಿನ ನಡುಕದಿಂದ ಕ್ಯಾಮೆರಾದ ಸ್ಥಿರತೆ ವ್ಯವಸ್ಥೆ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಹಳೆಯ ಫೋನೊಂದನ್ನು ಸೀಟಿನ ಹಿಂದಿನ ಕ್ಯಾರಿಯರ್‌ಗೆ ತೆಳು ರಬ್ಬರ್ ಹಾಳೆ ಹಾಕಿ, ಸ್ಕ್ರೀನ್ ಮೇಲೆ ಬರುವಂತೆ ಎರಡು ಕಡೆ ಬಿಗಿಯಿರಿ. ನಿಂತಾಗ ಮೇಲ್ಮುಖ ಅಕ್ಷದಲ್ಲಿ ಭೂಮಿಯ ಸೆಳೆತದ ಅಂಕಿ 9.8ರ ಆಸುಪಾಸು ಬರಬೇಕು. ಬರದಿದ್ದರೆ ಫೋನು ಓರೆಯಾಗಿದೆ. ಏರೋಪ್ಲೇನ್ ಮೋಡ್ ಹಾಕಿದರೆ ನಡುವೆ ಕರೆ ಬರುವುದಿಲ್ಲ, ಜಿಪಿಎಸ್ ನಡೆಯುತ್ತಲೇ ಇರುತ್ತದೆ. ಆದರೆ ಉಪಗ್ರಹ ಹಿಡಿಯಲು ಹೊತ್ತು ಬೇಕು, ಬಯಲಿನಲ್ಲಿ ಎರಡು–ಮೂರು ನಿಮಿಷ ಕಾಯಿರಿ. ಹೊರಡುವ ಮುನ್ನ, ಮುಗಿಸಿದ ಮೇಲೆ ಫೋನಿನ ಮೇಲೆ ಬೆರಳಿನಿಂದ ಮೂರು ಸಲ ತಟ್ಟಿ. ಗ್ರಾಫಿನಲ್ಲಿ ಆ ಮೂರು ಮುಳ್ಳು ಎದ್ದು ಕಾಣುತ್ತವೆ, ಅಲ್ಲಿಂದ ಅಲ್ಲಿಗೆ ಕತ್ತರಿಸಬಹುದು.

ಒಂದು ಗುಂಡಿ ಗ್ರಾಫಿನಲ್ಲಿ ಎರಡಾಗಿ ಕಾಣುತ್ತದೆ, ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನದು. ಚಕ್ರಗಳ ನಡುವೆ 1.3 ಮೀಟರ್ ಇದ್ದು ವೇಗ 30 ಕಿ.ಮೀ. ಆದರೆ ಎರಡು ಮುಳ್ಳುಗಳ ನಡುವಿನ ಅಂತರ 0.16 ಸೆಕೆಂಡು, ಅಂದರೆ 200ರ ಫೈಲಿನಲ್ಲಿ ಸುಮಾರು 31 ಸಾಲು. ಅರ್ಧ ಸೆಕೆಂಡಿನೊಳಗಿನ ಮುಳ್ಳುಗಳನ್ನೆಲ್ಲ ಒಂದೇ ಗುಂಡಿ ಎಂದು ಹಿಡಿಯಿರಿ. ಜಿಪಿಎಸ್ ಸೆಕೆಂಡಿಗೊಮ್ಮೆ ಮಾತ್ರ ಜಾಗ ಹೇಳುತ್ತದೆ. ಅಷ್ಟರಲ್ಲಿ ಬೈಕು 8 ಮೀಟರ್ ಮುಂದೆ ಹೋಗಿರುತ್ತದೆ. ಅದರದೇ 3–5 ಮೀಟರ್ ತಪ್ಪು, ಮರದ ಸಾಲಿನಡಿ ಇನ್ನೂ ಹೆಚ್ಚು. ಹಾಗಾಗಿ ನಕ್ಷೆಯಲ್ಲಿ ಗುಂಡಿಗೆ ಚುಕ್ಕೆ ಹಾಕದೆ 15 ಮೀಟರಿನ ಗೆರೆ ಹಾಕಿ. ವೇಗ ಬದಲಾದರೆ ಅದೇ ಗುಂಡಿಯ ಏಟೂ ಬದಲಾಗುತ್ತದೆ, 30ಕ್ಕೆ ಗಟ್ಟಿಯಾಗಿ ನಿಲ್ಲಿ. ಒಂದೇ ದಿಕ್ಕಿನಲ್ಲಿ ಮೂರು ಸಲ ಹೋಗಿ ಎರಡು ಸಲವಾದರೂ ಸಿಕ್ಕಿದ್ದನ್ನಷ್ಟೇ ಗುಂಡಿ ಎನ್ನಿ. ಹಂಪು ಯಾವುದು, ಗುಂಡಿ ಯಾವುದು ಎಂದು ಫೋನು ಹೇಳುವುದಿಲ್ಲ. ಹಂಪುಗಳ ಪಟ್ಟಿಯನ್ನು ಕಣ್ಣಲ್ಲೇ ನೋಡಿ ಮಾಡಿಕೊಳ್ಳಬೇಕು.

ಪ್ರಶ್ನೆ: ಒಂದೇ ಮನೆ, ಒಂದೇ ಮೇಜು. ಫೋನಿನ ಬ್ಯಾರೋಮೀಟರ್ ಬೆಳಿಗ್ಗೆ 10ಕ್ಕೆ ತೋರಿಸಿದ ಎತ್ತರಕ್ಕಿಂತ ಸಂಜೆ 4ಕ್ಕೆ 30 ಮೀಟರ್ ಜಾಸ್ತಿ! ಮುಳ್ಳಯ್ಯನಗಿರಿ ಚಾರಣದ ಏರು ಅಳೆಯುವುದು ಹೇಗೆ? (ಚಿಕ್ಕಮಗಳೂರು)

ಉತ್ತರ: ಬ್ಯಾರೋಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು, ಎತ್ತರ ಅದರಿಂದ ಮಾಡಿದ ಲೆಕ್ಕ. ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನಕ್ಕೆರಡು ಸಲ ಉಬ್ಬಿಳಿಯುತ್ತದೆ: ಬೆಳಿಗ್ಗೆ, ರಾತ್ರಿ 10ರ ಸುಮಾರಿಗೆ ಹೆಚ್ಚು, ಸಂಜೆ, ನಸುಕು 4ರ ಸುಮಾರಿಗೆ ಕಡಿಮೆ. ಹಗಲಿನಲ್ಲಿ ಮೂರು ಹೆಕ್ಟೋಪಾಸ್ಕಲ್‌ನಷ್ಟು (ಒತ್ತಡದ ಅಳತೆ) ಇಳಿಯುವುದು ಮಾಮೂಲು. ಚಿಕ್ಕಮಗಳೂರಿನ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಎಂದರೆ ಹತ್ತಿರ ಹತ್ತಿರ 10 ಮೀಟರ್. ನಿಮ್ಮ ಮನೆ 30 ಮೀಟರ್ ಏರಿದ ಲೆಕ್ಕ ಸಿಕ್ಕಿತಲ್ಲ.

ಏರಲು ಶುರುಮಾಡುವಲ್ಲಿ ಒತ್ತಡ ಮತ್ತು ಹೊತ್ತು ಬರೆದುಕೊಳ್ಳಿ, ತುದಿಯಲ್ಲಿ ಬರೆದುಕೊಳ್ಳಿ, ಇಳಿದು ಅದೇ ಜಾಗದಲ್ಲಿ ಮತ್ತೆ ಬರೆದುಕೊಳ್ಳಿ. ಮೊದಲ ಮತ್ತು ಕೊನೆಯ ಓದಿನ ವ್ಯತ್ಯಾಸವನ್ನು ಹೊತ್ತಿಗೆ ತಕ್ಕಂತೆ ಹಂಚಿ ಕಳೆಯಿರಿ. ತುದಿಯಲ್ಲಿ ಗಾಳಿಗೆ ಎದುರಾಗಿ ಫೋನು ಹಿಡಿಯಬೇಡಿ. ಗಂಟೆಗೆ 54 ಕಿ.ಮೀ. ಗಾಳಿ ಎದುರಿನಿಂದ ಬಡಿದರೆ ಅಷ್ಟಕ್ಕೇ ಸುಮಾರು 10 ಮೀಟರ್ ಎಡವಟ್ಟು; ಗೋಡೆಯ ಮರೆಯಲ್ಲಿ ಒಂದು ನಿಮಿಷ ಇಟ್ಟು ಸರಾಸರಿ ತೆಗೆಯಿರಿ. ತಾಳೆ ನೋಡಲು ಶಿಖರದ ಎತ್ತರ 1,930 ಮೀಟರ್ ಎಂದಿಟ್ಟುಕೊಳ್ಳಿ. ಕೆಲವು ಆಪ್‌ಗಳ ಜಿಪಿಎಸ್ ಎತ್ತರ ಇದಕ್ಕಿಂತ 80–90 ಮೀಟರ್ ಕಡಿಮೆ ಬಂದರೆ ಗಾಬರಿ ಬೇಡ. ಜಿಪಿಎಸ್‌ನ ಕಾಲ್ಪನಿಕ ಭೂಮಿಗಿಂತ ದಕ್ಷಿಣ ಭಾರತದ ಸಮುದ್ರಮಟ್ಟ ಅಷ್ಟು ಕೆಳಗಿದೆ, ಆ ಆಪ್ ಅದನ್ನು ಸರಿಪಡಿಸಿಲ್ಲ, ಅಷ್ಟೆ.

ಪ್ರಶ್ನೆ: ಮರಗಸಿಗೆ (ನೆರಳುಮರದ ಕೊಂಬೆ ಕಡಿಯುವುದಕ್ಕೆ) ಮುಂಚೆ, ಆಮೇಲೆ ತೋಟದ ನೆರಳು ಎಷ್ಟು ಬದಲಾಯಿತೆಂದು ಫೋನಿನಲ್ಲಿ ಅಳೆಯಬಹುದೇ? (ಕಾಫಿ ಬೆಳೆಗಾರರು, ಮೂಡಿಗೆರೆ)

ಉತ್ತರ: ಹೋಲಿಕೆಗೆ ಬರುತ್ತದೆ. ಆಂಡ್ರಾಯ್ಡ್ ಫೋನೇ ಬೇಕು, ಐಫೋನ್ ತನ್ನ ಬೆಳಕಿನ ಸೆನ್ಸರನ್ನು ಆಪ್‌ಗಳಿಗೆ ಬಿಟ್ಟುಕೊಡುವುದಿಲ್ಲ. ಸೆನ್ಸರ್ ಮುಂದಿನ ಕ್ಯಾಮೆರಾ ಪಕ್ಕದಲ್ಲಿರುತ್ತದೆ. ಅದರ ಮೇಲೆ ಬಿಳಿ ಕಾಗದದ ಒಂದು ಪದರ ಅಂಟಿಸಿ, ಸ್ಕ್ರೀನ್ ಬೆಳಕು ಕನಿಷ್ಠಕ್ಕಿಳಿಸಿ, ಫೋನನ್ನು ಗಿಡದ ತುದಿಯ ಎತ್ತರದಲ್ಲಿ ಮಟ್ಟವಾಗಿ ಹಿಡಿಯಿರಿ. ಬಯಲಿನಲ್ಲಿ ಒಂದೇ ಅಂಕಿ ಅಲುಗದೆ ನಿಂತಿದ್ದರೆ ಸೆನ್ಸರ್ ತುಂಬಿಹೋಗಿದೆ ಎಂದರ್ಥ. ಇನ್ನೊಂದು ಪದರ ಹಾಕಿ.

ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು 12.10ರಿಂದ 12.40ರೊಳಗೆ. ಆ ಹೊತ್ತಿನ ಆಚೀಚೆ, ಆದಷ್ಟೂ ಒಂದೇ ಸಮ ಮೋಡವಿರುವ ದಿನ, ಎಕರೆಗೆ 20 ಕಡೆ ಓದಿ. ಬಿಸಿಲ ದಿನ ಎಲೆಸಂದಿನ ಬಿಸಿಲುಕೋಲು ಬಿದ್ದರೆ ಒಂದು ಹೆಜ್ಜೆಗೆ ಅಂಕಿ ಹತ್ತುಪಟ್ಟು ಹಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಣದಲ್ಲೋ ರಸ್ತೆಯಲ್ಲೋ ಬಯಲು ಓದು ತೆಗೆದುಕೊಳ್ಳಿ. ಬಯಲಲ್ಲಿ 40,000, ಒಳಗೆ ಸರಾಸರಿ 14,000 ಬಂದರೆ ಬೆಳಕು ನೂರಕ್ಕೆ 35. ಫೋನು ಬೆಳಕನ್ನು ಅಳೆಯುವ ಲಕ್ಸ್ ಮನುಷ್ಯರ ಕಣ್ಣಿನ ಲೆಕ್ಕ, ಎಲೆಯದಲ್ಲ; ಎಲೆ ಸೋಸಿದ ಹಸಿರು ಬೆಳಕನ್ನು ಅದು ಹೆಚ್ಚಾಗಿ ತೋರಿಸುತ್ತದೆ. ಅದೇ ಫೋನು, ಅದೇ ಕಾಗದ ಬಳಸಿ ನಿಮ್ಮ ತೋಟವನ್ನೇ ಮುಂಚೆ–ಆಮೇಲೆ ಹೋಲಿಸಿ. ಪಕ್ಕದ ತೋಟದವರ ಅಂಕಿಯ ಜೊತೆ ಹೋಲಿಕೆ ಬೇಡ.

ಪ್ರಶ್ನೆ: ತಂದೆಯವರು ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ ಎನ್ನುತ್ತಾರೆ, ವಾಚು 7 ಗಂಟೆ ನಿದ್ದೆ ಎನ್ನುತ್ತದೆ. ಯಾರನ್ನು ನಂಬುವುದು? (ಅರಸೀಕೆರೆ)

ಉತ್ತರ: ತಂದೆಯವರನ್ನು. ಅಲುಗದೆ ಎಚ್ಚರವಾಗಿ ಮಲಗಿದ್ದರೂ ವಾಚಿಗೆ ಅದು ನಿದ್ದೆಯಾಗಿಯೇ ಕಾಣುವುದುಂಟು. ಮಲಗಿದ ಹೊತ್ತು, ಎದ್ದ ಹೊತ್ತು ತಿಳಿಯಲು ವಾಚು ಪರವಾಗಿಲ್ಲ. ನಿದ್ದೆಗೇಡು ವಾರಗಟ್ಟಲೆ ಇದ್ದರೆ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಹೈಸ್ಕೂಲು ಮಕ್ಕಳು ಶಾಲೆಗೆ ನಡೆದುಬರುವ ದಾರಿಗಳನ್ನು ಪೋಷಕರ ಫೋನಿನಲ್ಲಿ ದಾಖಲಿಸಿ ನಕ್ಷೆ ಮಾಡುವ ಯೋಚನೆಯಿದೆ. ಹೆಸರು ತೆಗೆದರೆ ಸಾಕಲ್ಲವೇ? (ಶಿಕ್ಷಕರು, ಕೊಪ್ಪ)

ಉತ್ತರ: ಸಾಲದು ಮೇಷ್ಟ್ರೇ. ದಾರಿಯ ಒಂದು ತುದಿ ಶಾಲೆಯಾದರೆ ಇನ್ನೊಂದು ತುದಿ ಮನೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಏನು ದಾಖಲಾಗುತ್ತದೆ, ಯಾವಾಗ ಅಳಿಸುತ್ತೀರಿ ಎಂಬುದೂ ಅದರಲ್ಲಿರಲಿ. ಮನೆಯ ಕಡೆಯ 300 ಮೀಟರ್ ಕತ್ತರಿಸಿ. ಎಲ್ಲರದ್ದೂ ಸರಿಯಾಗಿ 300 ಆದರೆ ವೃತ್ತದ ನಡುವೆ ಮನೆಯಿದೆ ಎಂದು ಊಹಿಸಬಹುದು, ಅದಕ್ಕೇ ಒಬ್ಬೊಬ್ಬರದು ಒಂದೊಂದು ಉದ್ದ ಕತ್ತರಿಸಿ. ಅಕ್ಷಾಂಶದಲ್ಲಿ ಬಿಂದುವಿನ ನಂತರ ಐದು ಅಂಕಿಯಿದ್ದರೆ ಒಂದು ಮೀಟರಿನಷ್ಟು ನಿಖರ, ಮೂರಿದ್ದರೆ ಸುಮಾರು 110 ಮೀಟರ್. ಪೇಟೆಯ ಬೀದಿಗೆ ಮೂರು ಅಂಕಿ ಸಾಕು. ಮಲೆನಾಡಿನ ಒಂಟಿಮನೆಗೆ ಸಾಲದು, ಅಲ್ಲಿ 110 ಮೀಟರಿನಲ್ಲಿ ಇರುವುದೇ ಒಂದು ಮನೆ. ಹಾಗಾಗಿ ಮನೆಗಳು ಚದುರಿರುವ ಕಡೆ ಎರಡೇ ಅಂಕಿ ಉಳಿಸಿ, ಮೂಲ ಫೈಲುಗಳನ್ನು ಶಾಲೆಯ ವಾಟ್ಸ್‌ಆಪ್ ಗುಂಪಿಗೆ ಹಾಕದೆ ಒಂದೇ ಕಂಪ್ಯೂಟರಿನಲ್ಲಿಡಿ.