ಕಂಪ್ಯೂಟರ್ ಪ್ರಶ್ನೋತ್ತರ: ಅಧ್ಯಾಪಕರ ಕಡತ ವಿದ್ಯಾರ್ಥಿಗೆ ಹೇಗೆ ತೆರೆಯಿತು?

ಪ್ರಶ್ನೆ: ನಮ್ಮ ಭೌತಶಾಸ್ತ್ರ ವಿಭಾಗದಲ್ಲಿ ಬಳಕೆದಾರರ ಖಾತೆಗಳು ಎಲ್‌ಡ್ಯಾಪ್ (ಖಾತೆಗಳ ವಿವರಗಳನ್ನು ಒಂದೆಡೆ ಇಡುವ ವ್ಯವಸ್ಥೆ) ಸರ್ವರಿನಲ್ಲಿಯೂ ಅವರ ಹೋಮ್ ಡೈರೆಕ್ಟರಿಗಳು (ಸ್ವಂತ ಕಡತಗಳನ್ನಿಡುವ ಜಾಗ) ಎನ್‌ಎಫ್‌ಎಸ್ (ಕಡತಗಳನ್ನು ನೆಟ್‌ವರ್ಕಿನಲ್ಲಿ ಹಂಚುವ ವ್ಯವಸ್ಥೆ) ಸರ್ವರಿನಲ್ಲಿಯೂ ಇವೆ. ಸಂಶೋಧನಾ ಯೋಜನೆಯ ಹಣದಲ್ಲಿ ಕೊಂಡ ನಾಲ್ಕು ಲಿನಕ್ಸ್ ಯಂತ್ರಗಳನ್ನು ವಿದ್ಯಾರ್ಥಿಗಳೇ ಇನ್‌ಸ್ಟಾಲ್ ಮಾಡಿ ಬಳಸುತ್ತಿದ್ದರು. ಒಂದರಲ್ಲಿ ಹೋಮ್ ಡೈರೆಕ್ಟರಿಗಳನ್ನು ಮೌಂಟ್ ಮಾಡಿದ (ಯಂತ್ರಕ್ಕೆ ಜೋಡಿಸಿದ) ಕೂಡಲೇ ಅಧ್ಯಾಪಕರೊಬ್ಬರ ಖಾಸಗಿ ಕಡತಗಳು ವಿದ್ಯಾರ್ಥಿಯೊಬ್ಬನಿಗೆ ತೆರೆದುಕೊಂಡವು. ಪಾಸ್‌ವರ್ಡ್ ಸೋರಿಕೆಯಾಗಿದೆಯೇ? ಈ ಯಂತ್ರಗಳನ್ನು ಸರಿಯಾಗಿ ಸೇರಿಸಿಕೊಳ್ಳುವುದು ಹೇಗೆ?

ಉತ್ತರ: ಪಾಸ್‌ವರ್ಡ್ ಸೋರಿರುವ ಸಾಧ್ಯತೆ ಕಡಿಮೆ. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಡತದ ಒಡೆಯ ಯಾರೆಂಬುದನ್ನು ನಿರ್ಧರಿಸುವುದು ಹೆಸರಲ್ಲ, ಯುಐಡಿ ಎಂಬ ಸಂಖ್ಯೆ. ಇಂದಿನ ಬಹುತೇಕ ಲಿನಕ್ಸ್ ವಿತರಣೆಗಳು ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಸುವ ಮೊದಲ ಖಾತೆಗೆ 1000 ಎಂಬ ಸಂಖ್ಯೆಯನ್ನು ಕೊಡುತ್ತವೆ. ನಿಮ್ಮ ಎಲ್‌ಡ್ಯಾಪ್‌ನಲ್ಲಿ ಅದೇ ಸಂಖ್ಯೆ ಆ ಅಧ್ಯಾಪಕರಿಗೆ ಸೇರಿರಬೇಕು. ಎನ್‌ಎಫ್‌ಎಸ್‌ನ ಸಾಮಾನ್ಯ ಭದ್ರತಾ ವಿಧಾನದಲ್ಲಿ ಕ್ಲೈಂಟ್ ಯಂತ್ರ ಹೇಳಿದ ಸಂಖ್ಯೆಯನ್ನು ಸರ್ವರ್ ಮರುಮಾತಿಲ್ಲದೆ ನಂಬುತ್ತದೆ. ಆದ್ದರಿಂದ ಮೊದಲು ಆ ಯಂತ್ರವನ್ನು ಸರ್ವರಿನ ಎಕ್ಸ್‌ಪೋರ್ಟ್ ಪಟ್ಟಿಯಿಂದ (ಯಾವ ಯಂತ್ರಗಳಿಗೆ ಕಡತಗಳನ್ನು ಹಂಚಬೇಕೆಂಬ ಪಟ್ಟಿ) ತೆಗೆಯಿರಿ.

ವಿದ್ಯಾರ್ಥಿಗಳ ದತ್ತಾಂಶವನ್ನು ಬೇರೆಡೆ ಪ್ರತಿ ಮಾಡಿಕೊಳ್ಳಲು ಸಾಧ್ಯವಿದ್ದರೆ, ನಾಲ್ಕೂ ಯಂತ್ರಗಳನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು. ಯಾರು ಯಾವಾಗ ಏನನ್ನು ಸೇರಿಸಿದರೆಂಬುದು ಯಾರಿಗೂ ನೆನಪಿಲ್ಲದ ಯಂತ್ರವನ್ನು ರಿಪೇರಿ ಮಾಡುತ್ತಾ ಕೂರುವುದು ವ್ಯರ್ಥ ಶ್ರಮ. ಅದಾಗದಿದ್ದಲ್ಲಿ, ಆ ವಿದ್ಯಾರ್ಥಿಯನ್ನು ಲಾಗ್‌ಔಟ್ ಮಾಡಿಸಿ, ಸ್ಥಳೀಯ ಡಿಸ್ಕಿನಲ್ಲಿ 1000ಕ್ಕೆ ಸೇರಿದ ಕಡತಗಳನ್ನು ಫೈಂಡ್ ಆಜ್ಞೆಯಿಂದ ಹುಡುಕಿ, ಎಲ್‌ಡ್ಯಾಪ್‌ನಲ್ಲಿ ಅವನಿಗಿರುವ ಸಂಖ್ಯೆಗೆ ಬದಲಾಯಿಸಬೇಕು. ಹುಡುಕಾಟ ಬೇರೆ ಮೌಂಟ್‌ಗಳೊಳಗೆ ಇಳಿಯದಂತೆ ತಡೆಯುವ ಆಯ್ಕೆಯನ್ನು ಮರೆಯಬೇಡಿ. ಗುಂಪಿನ ಸಂಖ್ಯೆಗೂ ಇದೇ ಕ್ರಮ. ಬಳಿಕ ಸ್ಥಳೀಯ ಖಾತೆಯನ್ನು ಅಳಿಸಲೇಬೇಕು. ಹೆಸರು ಹುಡುಕುವಾಗ ಯಂತ್ರವು ಸಾಮಾನ್ಯವಾಗಿ ತನ್ನದೇ ಪಾಸ್‌ವರ್ಡ್ ಕಡತವನ್ನು ಮೊದಲು ನೋಡುವುದರಿಂದ, ಅಲ್ಲಿ ಅದೇ ಹೆಸರು ಉಳಿದಿದ್ದರೆ ಎಲ್‌ಡ್ಯಾಪ್‌ನ ನಮೂದು ಮರೆಯಾಗುತ್ತದೆ. ಐಡಿ ಆಜ್ಞೆ ಕೊಟ್ಟಾಗ ವಿಭಾಗದ ಎಲ್‌ಡ್ಯಾಪ್‌ನಲ್ಲಿರುವ ಸಂಖ್ಯೆ ಕಾಣಿಸಿದ ಮೇಲೆಯೇ ಮುಂದುವರಿಯಿರಿ. ಎಲ್‌ಡ್ಯಾಪ್ ಸರ್ವರ್ ನಿಂತುಹೋದ ದಿನ ಒಳಹೋಗಲು, ವಿಭಾಗದ ಸಂಖ್ಯೆಗಳೊಂದಿಗೆ ತಾಳೆಯಾಗದ ಒಂದು ಸ್ಥಳೀಯ ಆಡಳಿತ ಖಾತೆ ಮಾತ್ರ ಇರಲಿ.

ಕಷ್ಟದ ವಿಷಯವೆಂದರೆ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲಿನ ಸಂಪೂರ್ಣ ಹಿಡಿತ. ಸರ್ವರ್ ರೂಟ್ ಬಳಕೆದಾರನನ್ನು ಅನಾಮಿಕನನ್ನಾಗಿ ಪರಿಗಣಿಸುವಂತೆ ಮಾಡಬಹುದಾದರೂ, ರೂಟ್ ಕೈಯಲ್ಲಿರುವವನು ಕ್ಷಣದಲ್ಲಿ ಬೇರಾವ ಬಳಕೆದಾರನ ವೇಷವನ್ನಾದರೂ ಧರಿಸಬಲ್ಲ. ಹೀಗಾಗಿ ಒಂದೋ ರೂಟ್ ಪಾಸ್‌ವರ್ಡ್ ವಿಭಾಗದ ಆಡಳಿತಗಾರರ ಬಳಿ ಇರಬೇಕು (ಸಂಶೋಧಕರಿಗೆ ಇದು ರುಚಿಸುವುದಿಲ್ಲ), ಇಲ್ಲವೇ ಹೋಮ್ ಡೈರೆಕ್ಟರಿಗಳನ್ನು ಕೆರ್ಬೆರೋಸ್ (ಪ್ರತಿ ಬಳಕೆದಾರನ ಗುರುತನ್ನು ಪರಿಶೀಲಿಸುವ ವ್ಯವಸ್ಥೆ) ಮೂಲಕವೇ ಹಂಚಬೇಕು. ಎರಡನೆಯದನ್ನು ಆರಿಸಿದರೆ ಯಂತ್ರಗಳ ಗಡಿಯಾರಗಳನ್ನು ಕ್ರೋನಿಯಂತಹ ಸೇವೆಯಿಂದ ಸರಿಹೊಂದಿಸಿಡಿ, ಏಕೆಂದರೆ ವ್ಯತ್ಯಾಸ 5 ನಿಮಿಷ ಮೀರಿದರೆ ಸಾಮಾನ್ಯವಾಗಿ ಲಾಗಿನ್ ವಿಫಲವಾಗುತ್ತದೆ.

ಈ ಸಿದ್ಧತೆಯನ್ನೆಲ್ಲ ಆನ್ಸಿಬಲ್‌ನಂತಹ, ಯಂತ್ರಗಳನ್ನು ತಾನಾಗಿಯೇ ಸಿದ್ಧಪಡಿಸುವ ಸಾಧನದಲ್ಲಿ ಬರೆದಿಟ್ಟು ಒಂದು ಯಂತ್ರದ ಮೇಲೆ ಪರೀಕ್ಷಿಸಿ, ಅನಂತರ ಉಳಿದ ಮೂರಕ್ಕೆ ಅನ್ವಯಿಸಿ. ಎಕ್ಸ್‌ಪೋರ್ಟ್ ಪಟ್ಟಿಗೆ ಇಡೀ ನೆಟ್‌ವರ್ಕನ್ನು ಸೇರಿಸದೆ, ಸಿದ್ಧವಾದ ಯಂತ್ರಗಳ ಹೆಸರುಗಳನ್ನು ಮಾತ್ರ ಒಂದೊಂದಾಗಿ ಸೇರಿಸಿ.