ಎಕೋ ಆದ ಮೇಲೂ ಮಗುವಿಗೆ ಸಿಟಿ ಸ್ಕ್ಯಾನ್ ಯಾಕೆ?

ಕಲಬುರಗಿಯಲ್ಲಿ ಮಗುವಿಗೆ ಎಕೋ (ಹೃದಯದ ಅಲ್ಟ್ರಾಸೌಂಡ್) ಆಗಿದೆ, ಶ್ವಾಸಕೋಶದ ರಕ್ತನಾಳ ನೋಡೋಕೆ ಸಿಟಿನೂ ಬೇಕಂತೆ, ಸುಮ್ನೆ ಖರ್ಚಾ ಅಂತ ಕೇಳಿದ್ದೀರಿ.

ಸುಮ್ನೆ ಅಲ್ಲ. ಹೃದಯದ ಗೋಡೆ, ಕವಾಟಕ್ಕೆ ಹೆಚ್ಚಾಗಿ ಎಕೋನೇ ಸಾಕು. ಆದರೆ ಶ್ವಾಸಕೋಶದ ತುಂಬ ಗಾಳಿ, ಅಲ್ಟ್ರಾಸೌಂಡ್ ಅದನ್ನು ದಾಟಲ್ಲ. ಅಲ್ಲಿಂದ ಸಾಮಾನ್ಯವಾಗಿ 4 ನಾಳಗಳು ಎಡ ಹೃತ್ಕರ್ಣಕ್ಕೆ, ಅಂದ್ರೆ ಹೃದಯದ ಎಡ ಮೇಲಿನ ಕೋಣೆಗೆ, ಸೇರುತ್ತವೆ. ಅಪರೂಪಕ್ಕೆ ದಾರಿ ತಪ್ಪಿರುತ್ತದೆ. ಸಿಮಿಟರ್ ಸಿಂಡ್ರೋಮ್ ಅನ್ನೋ ಹುಟ್ಟಿನಿಂದ ಬರುವ ತೊಂದರೆಯಲ್ಲಂತೂ ಬಲ ಶ್ವಾಸಕೋಶದ ನಾಳ ಕೆಳಗಿಳಿದು, ಹೊಟ್ಟೆಯಿಂದ ಬರುವ ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. ಎಕ್ಸ್‌ರೇಯಲ್ಲಿ ಆ ನಾಳ ಹೃದಯದ ಬಲ ಪಕ್ಕದಲ್ಲಿ ಬಾಗಿದ ಕತ್ತಿಯ ಹಾಗೆ ಕಾಣುತ್ತದೆ! ನಾಳ ಎಲ್ಲಿ ಸೇರಿದೆ, ಎಲ್ಲಿ ಕಿರಿದಾಗಿದೆ ಅನ್ನೋದು ಸರ್ಜನ್‌ಗೆ ಮೊದಲೇ ಗೊತ್ತಿರಬೇಕು ಅಲ್ವಾ? ಕಾಂಟ್ರಾಸ್ಟ್ (ರಕ್ತನಾಳ ಸ್ಪಷ್ಟವಾಗಿ ಕಾಣಿಸುವ ದ್ರವ) ಕೊಟ್ಟು ಮಾಡುವ ಸಿಟಿ ಅದನ್ನು ಸೆಕೆಂಡುಗಳಲ್ಲಿ ತೋರಿಸುತ್ತದೆ.

ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಆದರೆ ಹೊತ್ತು ಜಾಸ್ತಿ, ಪುಟ್ಟ ಮಗುವನ್ನು ಔಷಧ ಕೊಟ್ಟು ನಿದ್ದೆ ಮಾಡಿಸಬೇಕಾಗಬಹುದು. ಸಿಟಿಗೆ ಹೋದಾಗ ಮಗುವಿನ ತೂಕಕ್ಕೆ ತಕ್ಕ ಕಡಿಮೆ ವಿಕಿರಣ ಡೋಸ್ ಇಡ್ತೀರಾ ಅಂತ ಕೇಳಿ. ಎರಡನೇ ಅಭಿಪ್ರಾಯ ಬೇಕಿದ್ದರೆ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಕಲಬುರಗಿಯಲ್ಲೇ ಇದೆ.